ಶುಕ್ರವಾರ ಹೊರಟು ಭಾನುವಾರ ವಾಪಸ್: ಜರ್ಮನಿಯಲ್ಲಿ ಓದುವಾಗ ಗೆಳೆಯರ ಊರಿಗೆ ಯಾವುದರಲ್ಲಿ ಹೋಗುವುದು?

ಸೆಮಿಸ್ಟರ್ ಶುರುವಾಗಿ ಐದಾರು ವಾರ ಆಗಿರುತ್ತದೆ. ಬೇರೆ ಊರಿನ ಯೂನಿವರ್ಸಿಟಿಗೆ ಸೇರಿದ ಗೆಳೆಯ ಫೋನ್ ಮಾಡಿ "ಈ ವೀಕೆಂಡ್ ಬಾರೋ" ಅನ್ನುತ್ತಾನೆ. ನೀವು ತಕ್ಷಣ ಮೊಬೈಲ್ ತೆಗೆದು ರೇಟು ನೋಡುತ್ತೀರಿ. ರೈಲು ದುಬಾರಿ, ಬಸ್ಸು ಅದರ ಅರ್ಧಕ್ಕಿಂತ ಕಡಿಮೆ. ಕಡಿಮೆ ಕಂಡದ್ದರ ಮೇಲೆ ಬೆರಳು ಒತ್ತಿಬಿಡುತ್ತೀರಿ, ಅಲ್ವಾ?

ನಾನೂ ಮೊದಲ ವರ್ಷ ಹಾಗೇ ಮಾಡಿದ್ದೆ. ಶುಕ್ರವಾರ ರಾತ್ರಿಯ ಬಸ್ಸು. ಬೆಳಗಿನ ಜಾವ ಐದೂವರೆಗೆ ಇಳಿಸಿತು. ಗೆಳೆಯ ಗಾಢ ನಿದ್ದೆಯಲ್ಲಿದ್ದ, ಫೋನ್ ಎತ್ತಲಿಲ್ಲ. ಚಳಿಯಲ್ಲಿ ನಿಲ್ದಾಣದ ಬೆಂಚಿನ ಮೇಲೆ ಎರಡು ಗಂಟೆ ಕೂತೆ. ಅವನ ರೂಮು ಸೇರಿದ ಮೇಲೆ ಮಧ್ಯಾಹ್ನದವರೆಗೆ ಮಲಗಿದೆ. ಭಾನುವಾರ ಒಂದು ಗಂಟೆಗೇ ವಾಪಸ್ ಬಸ್ಸು. ಉಳಿದ ದುಡ್ಡು ಸುಮಾರು ಇಪ್ಪತ್ತು ಯೂರೋ. ಅವನ ಜೊತೆ ಕಣ್ಣು ಬಿಟ್ಟುಕೊಂಡು ಕಳೆದದ್ದು ಮಾತ್ರ ಒಂದೇ ದಿನ.

ಆಮೇಲೆ ಲೆಕ್ಕ ಹಾಕುವ ರೀತಿ ಬದಲಾಯಿಸಿದೆ. ಶುಕ್ರವಾರ ಸಂಜೆ ಆರರಿಂದ ಭಾನುವಾರ ರಾತ್ರಿ ಎಂಟರವರೆಗೆ 50 ಗಂಟೆ. ಎರಡು ರಾತ್ರಿಯ ನಿದ್ದೆ ಕಳೆದರೆ 34. ದಾರಿಯಲ್ಲಿ ಹೋಗುವುದೆಲ್ಲ ಈ 34ರಿಂದಲೇ. ಹಾಗಾಗಿ ಮೊದಲು ನೋಡಬೇಕಾದದ್ದು ಟಿಕೆಟ್ಟಿನ ರೇಟಲ್ಲ, ನಿಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಎಷ್ಟು ಹೊತ್ತು ಅನ್ನುವುದು.

ಬರ್ಲಿನ್‌ನಿಂದ ಮ್ಯೂನಿಕ್‌ಗೆ ಅಂತಿಟ್ಟುಕೊಳ್ಳಿ. 2017ರ ಡಿಸೆಂಬರಿನಲ್ಲಿ ಹೊಸ ಹಳಿ ಶುರುವಾದ ಮೇಲೆ ವೇಗದ ಐಸಿಇ ರೈಲು ಸುಮಾರು ನಾಲ್ಕು ಗಂಟೆಯಲ್ಲಿ ಮುಟ್ಟಿಸುತ್ತದೆ. ಎರಡೂ ಕಡೆ ನಿಲ್ದಾಣಕ್ಕೆ ಓಡಾಡುವುದು ಸೇರಿ ಐದು ಗಂಟೆ. ವಿಮಾನ ಆಕಾಶದಲ್ಲಿರುವುದು ಒಂದು ಗಂಟೆ ಚಿಲ್ಲರೆ. ಆದರೆ ಮನೆಯಿಂದ ಏರ್‌ಪೋರ್ಟಿಗೆ ಒಂದು ಗಂಟೆ, ಭದ್ರತಾ ತಪಾಸಣೆ ಮತ್ತು ಕಾಯುವುದಕ್ಕೆ ಒಂದೂವರೆ, ಇಳಿದು ಹೊರಬರಲು ಅರ್ಧ, ಮ್ಯೂನಿಕ್ ಏರ್‌ಪೋರ್ಟಿನಿಂದ ಊರೊಳಗೆ ಎಸ್-ಬಾನ್ ಎಂಬ ಸ್ಥಳೀಯ ರೈಲಿನಲ್ಲಿ ಮುಕ್ಕಾಲು. ಕೂಡಿಸಿದರೆ ಅದೂ ಐದೇ ಗಂಟೆ. ಬಸ್ಸಿಗೆ ಇದರ ಎರಡು ಪಟ್ಟು ಹಿಡಿಯಿರಿ. ಹೀಗೆ ಬರೆದುಕೊಂಡರೆ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಹತ್ತಿರದ ಊರಾದರೆ ಹೆಚ್ಚು ಯೋಚನೆ ಬೇಡ

ಗೆಳೆಯರ ಊರು ಇನ್ನೂರು ಕಿಲೋಮೀಟರ್ ಒಳಗಿದ್ದರೆ ಡಾಯ್ಚ್‌ಲ್ಯಾಂಡ್ ಟಿಕೆಟ್ ಸಾಕು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು. 2025ರ ಜನವರಿಯಲ್ಲಿ 58 ಆಯಿತು, 2026ರ ಜನವರಿಯಿಂದ 63. ತಿಂಗಳಿಡೀ ದೇಶದ ಎಲ್ಲ ಪ್ರಾದೇಶಿಕ ರೈಲು, ಎಸ್-ಬಾನ್, ಯು-ಬಾನ್ (ಮೆಟ್ರೋ), ಟ್ರಾಮ್, ಸಿಟಿ ಬಸ್ಸುಗಳಲ್ಲಿ ಓಡಾಡಬಹುದು. ಐಸಿಇ, ಐಸಿ, ಇಸಿ ಎಂಬ ದೂರದ ರೈಲುಗಳಿಗೆ ನಡೆಯುವುದಿಲ್ಲ. ಫ್ಲಿಕ್ಸ್‌ಬಸ್ ಎಂಬ ದೂರದ ಬಸ್ಸಿಗೂ ಇಲ್ಲ. ಅನೇಕ ಯೂನಿವರ್ಸಿಟಿಗಳಲ್ಲಿ ಇದು ಸೆಮಿಸ್ಟರ್ ಫೀಸಿನಲ್ಲೇ ಸೇರಿರುತ್ತದೆ, ಅದೂ ಮೂಲ ದರದ 60% ಗೆ. ಹಾಗಾಗಿ ಏನನ್ನಾದರೂ ಕೊಳ್ಳುವ ಮುಂಚೆ ನಿಮ್ಮ ಸ್ಟೂಡೆಂಟ್ ಕಾರ್ಡಿನ ಜೊತೆ ಏನು ಬಂದಿದೆ ನೋಡಿ. ನನ್ನ ಕ್ಲಾಸಿನವನೊಬ್ಬ ಮೂರು ತಿಂಗಳು ಎರಡೂ ಕಡೆ ಕಟ್ಟುತ್ತಿದ್ದ!

ಡ್ರೆಸ್ಡೆನ್‌ನಿಂದ ಲೈಪ್‌ಜಿಗ್ ಒಳ್ಳೆಯ ಉದಾಹರಣೆ. ಪ್ರಾದೇಶಿಕ ರೈಲಿಗೆ ಒಂದೂವರೆ ಗಂಟೆ, ಐಸಿಇಗೆ ಒಂದು ಗಂಟೆಯ ಮೇಲೆ ಸ್ವಲ್ಪ. ಆ ಇಪ್ಪತ್ತು ನಿಮಿಷಕ್ಕೆ ಬೇರೆ ದುಡ್ಡು ಕೊಡುವುದು ಸುಮ್ನೆ ದಂಡ. ಸ್ಟುಟ್‌ಗಾರ್ಟ್‌ನಿಂದ ಮ್ಯೂನಿಕ್‌ಗೆ ಬಂದರೆ ಲೆಕ್ಕ ಸ್ವಲ್ಪ ಬಿಗಿಯಾಗುತ್ತದೆ. ಐಸಿಇಗೆ ಎರಡು ಗಂಟೆ ಚಿಲ್ಲರೆ, ಪ್ರಾದೇಶಿಕ ರೈಲಿಗೆ ಮೂರೂವರೆ ಹತ್ತಿರ. ನಾನಾದರೆ ಇಲ್ಲೂ ಪ್ರಾದೇಶಿಕ ರೈಲನ್ನೇ ಹತ್ತುತ್ತೇನೆ. ಬರ್ಲಿನ್-ಮ್ಯೂನಿಕ್ ಮಾತ್ರ ಈ ಟಿಕೆಟ್ಟಿನಲ್ಲಿ ಹೋಗುವುದು ಹಟಕ್ಕೆ ಬಿದ್ದವರ ಕೆಲಸ. ಒಂಬತ್ತು ಹತ್ತು ಗಂಟೆ, ನಾಲ್ಕೈದು ಕಡೆ ಬದಲಾವಣೆ. ರಜೆಯಲ್ಲಿ ಒಮ್ಮೆ ಮಾಡಿ, ಹರಟೆಗೆ ಒಂದು ಕಥೆ ಸಿಗುತ್ತದೆ. ವಾರಾಂತ್ಯಕ್ಕೆ ಬೇಡ.

ಈ ಟಿಕೆಟ್ಟಿನ ನಿಜವಾದ ಸುಖ ರೇಟಿನಲ್ಲಿಲ್ಲ, ಅದು ಯಾವ ರೈಲಿಗೂ ಕಟ್ಟಿಹಾಕಿಲ್ಲ ಅನ್ನುವುದರಲ್ಲಿದೆ. ಭಾನುವಾರ ಸಂಜೆ ಹರಟೆ ಮುಗಿಯಲಿಲ್ಲವೇ? ಮುಂದಿನ ರೈಲಿಗೆ ಹೊರಟರಾಯಿತು. ಎರಡು ವಿಷಯ ಮಾತ್ರ ನೆನಪಿರಲಿ. ಟಿಕೆಟ್ ನಿಮ್ಮ ಹೆಸರಿನದು, ಗೆಳೆಯರಿಗೆ ಕೈಬದಲು ಕೊಡುವ ಹಾಗಿಲ್ಲ. ಮತ್ತೆ ಇದು ಚಂದಾ, ತಾನಾಗಿ ಮುಂದುವರಿಯುತ್ತದೆ. ನಿಲ್ಲಿಸಬೇಕಾದರೆ ಆ ತಿಂಗಳ 10ನೇ ತಾರೀಖಿನೊಳಗೆ ಹೇಳಬೇಕು.

ಇದಿಲ್ಲದವರು, ಅದರಲ್ಲೂ ನಾಲ್ಕೈದು ಜನ ಒಟ್ಟಿಗೆ ಹೊರಟವರು, ಲ್ಯಾಂಡರ್ ಟಿಕೆಟ್ ನೋಡಿ. ಒಂದು ರಾಜ್ಯದೊಳಗೆ ಒಂದು ದಿನ, ಐದು ಜನರವರೆಗೆ. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರಿಂದ ನಡೆಯುತ್ತದೆ, ಶನಿವಾರ ಭಾನುವಾರ ನಡುರಾತ್ರಿಯಿಂದಲೇ. ಎಲ್ಲ ದಿನವೂ ಮರುದಿನ ಬೆಳಗಿನ ಜಾವ ಮೂರರವರೆಗೆ. ಹಳಬರು ಇಲ್ಲಿ ಒಂದು ನಿಟ್ಟುಸಿರು ಬಿಡುತ್ತಾರೆ. 1995ರಲ್ಲಿ ಬರೀ 15 ಮಾರ್ಕಿಗೆ (ಯೂರೋಗೆ ಮುಂಚಿನ ಜರ್ಮನ್ ಹಣ) ಐದು ಜನ ವಾರಾಂತ್ಯದಲ್ಲಿ ದೇಶವೆಲ್ಲ ಸುತ್ತಬಹುದಾದ ಟಿಕೆಟ್ ಇತ್ತಂತೆ. ಅದು 2019ರಲ್ಲಿ ನಿಂತುಹೋಯಿತು.

ಐಸಿಇ ಒಂದೇ, ಟಿಕೆಟ್ ಮೂರು ಬಗೆ

ದೂರದ ಊರಿಗೆ ಐಸಿಇ ಅಂತ ತೀರ್ಮಾನಿಸಿದ ಮೇಲೂ ಆಯ್ಕೆ ಮುಗಿಯುವುದಿಲ್ಲ. ಅದೇ ರೈಲು, ಅದೇ ಸೀಟು, ಮೂರು ಬಗೆಯ ಟಿಕೆಟ್.

ಸೂಪರ್ ಸ್ಪಾರ್‌ಪ್ರೈಸ್ ಎಲ್ಲಕ್ಕಿಂತ ಅಗ್ಗ. ಒಂದೇ ರೈಲಿಗೆ ಕಟ್ಟುಬಿದ್ದದ್ದು, ರದ್ದು ಮಾಡಿದರೆ ದುಡ್ಡು ಹೋಯಿತು. ಸ್ಪಾರ್‌ಪ್ರೈಸ್ ಕೂಡ ಒಂದೇ ರೈಲಿಗೆ, ಆದರೆ ಪ್ರಯಾಣದ ಹಿಂದಿನ ದಿನದವರೆಗೆ ಶುಲ್ಕ ಕೊಟ್ಟು ರದ್ದು ಮಾಡಬಹುದು. ಫ್ಲೆಕ್ಸ್‌ಪ್ರೈಸ್ ಇದ್ದರೆ ಆ ದಿನ ಆ ದಾರಿಯ ಯಾವ ರೈಲನ್ನಾದರೂ ಹತ್ತಬಹುದು. ರೇಟು ಮಾತ್ರ ಕೇಳಲೇಬೇಡಿ.

ಅಗ್ಗದ ಟಿಕೆಟ್ಟುಗಳು ಪ್ರತಿ ರೈಲಿಗೆ ಇಂತಿಷ್ಟೇ ಅಂತ ಇರುತ್ತವೆ. ಶುಕ್ರವಾರ ಮಧ್ಯಾಹ್ನ ಮತ್ತು ಭಾನುವಾರ ಸಂಜೆ ದೇಶದ ಅರ್ಧ ಜನ ಓಡಾಡುತ್ತಾರೆ, ಹಾಗಾಗಿ ಅವು ಬೇಗ ಖಾಲಿ. ಗುರುವಾರ ಕೂತು ಶುಕ್ರವಾರದ ಟಿಕೆಟ್ ಹುಡುಕುವವರಿಗೆ ಐಸಿಇ ದುಬಾರಿ ಅನ್ನಿಸುವುದು ಇದಕ್ಕೇ. ಮೂರು ವಾರ ಮುಂಚೆ ನೋಡಿದವರಿಗೆ ಅದೇ ರೈಲು ಬಸ್ಸಿನ ರೇಟಿನ ಹತ್ತಿರಕ್ಕೆ ಬರುವುದುಂಟು. ಶುಕ್ರವಾರ ಸಂಜೆಯ ಬದಲು ಶನಿವಾರ ಬೆಳಗ್ಗೆ ಆರರ ರೈಲು ನೋಡಿ. ಖಾಲಿಯೂ ಇರುತ್ತದೆ, ಅಗ್ಗವೂ ಇರುತ್ತದೆ. ಆದರೆ ಒಂದು ರಾತ್ರಿಯ ಹರಟೆ ಹೋಯಿತು. ನನ್ನ ಮಟ್ಟಿಗೆ ಶುಕ್ರವಾರ ರಾತ್ರಿಯ ಹರಟೆಯೇ ಇಡೀ ವಾರಾಂತ್ಯದ ಜೀವ. ಅದಕ್ಕೆ ಹತ್ತು ಹದಿನೈದು ಯೂರೋ ಜಾಸ್ತಿ ಕೊಡಲು ತಯಾರಿದ್ದೇನೆ.

ಅದೇ ಗೆಳೆಯರ ಊರಿಗೆ ವರ್ಷದಲ್ಲಿ ನಾಲ್ಕೈದು ಸಲ ಹೋಗುವುದಿದ್ದರೆ ಬಾನ್‌ಕಾರ್ಡ್ 25 ಎಂಬ ರೈಲ್ವೆಯ ರಿಯಾಯಿತಿ ಕಾರ್ಡ್ ಲಾಭ. ಅಗ್ಗದ ಟಿಕೆಟ್ಟಿನ ಮೇಲೂ ಇನ್ನು 25% ಇಳಿಯುತ್ತದೆ. 27 ವರ್ಷದೊಳಗಿನವರಿಗೆ ಬೇರೆ, ಕಡಿಮೆ ಬೆಲೆಯ ಕಾರ್ಡ್ ಇದೆ. ಆದರೆ ಇದೂ ಚಂದಾ ಜಾತಿಯದೇ. ಅವಧಿ ಮುಗಿಯುವ ವಾರಗಳ ಮುಂಚೆ ರದ್ದು ಮಾಡದಿದ್ದರೆ ಇನ್ನೊಂದು ವರ್ಷದ ಬಿಲ್ ಬರುತ್ತದೆ. ಕೊಂಡ ದಿನವೇ ರದ್ದತಿ ಕಳಿಸಿಬಿಡಿ. ಕಾರ್ಡು ವರ್ಷವಿಡೀ ನಡೆಯುತ್ತದೆ, ತಲೆನೋವು ಮಾತ್ರ ಅವತ್ತೇ ತಪ್ಪುತ್ತದೆ.

ಇನ್ನು ತಡವಾಗುವ ವಿಷಯ. ಜರ್ಮನಿಯ ರೈಲು ಗಡಿಯಾರದ ಹಾಗೆ ಅಂತ ಕೇಳಿಕೊಂಡು ಬಂದವರಿಗೆ ಮೊದಲ ತಿಂಗಳಲ್ಲೇ ಜ್ಞಾನೋದಯ ಆಗುತ್ತದೆ. 2024ರಲ್ಲಿ ಜರ್ಮನಿಯ ರೈಲ್ವೆ ಕಂಪನಿ ಡಾಯ್ಚ ಬಾನ್‌ನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು 62.5%. ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದೇ ಲೆಕ್ಕಿಸದೆ. ರದ್ದಾದ ರೈಲುಗಳು ಈ ಲೆಕ್ಕಕ್ಕೇ ಬರುವುದಿಲ್ಲ. ಹಳೆಯ ಹಳಿಗಳ ರಿಪೇರಿ ಎಲ್ಲ ಕಡೆ ನಡೆಯುತ್ತಿದೆ, ಕೆಲವು ದಾರಿಗಳನ್ನು ತಿಂಗಳುಗಟ್ಟಲೆ ಮುಚ್ಚುತ್ತಾರೆ. ಆದ್ದರಿಂದ ಎಂಟು ನಿಮಿಷದ ಬದಲಾವಣೆ ತೋರಿಸುವ ಟಿಕೆಟ್ಟಿಗಿಂತ, ಅರ್ಧ ಗಂಟೆ ತಡವಾಗಿ ಮುಟ್ಟಿದರೂ ನೇರ ಹೋಗುವ ರೈಲೇ ವಾಸಿ. ಇದು ನಾನು ಕಣ್ಣುಮುಚ್ಚಿ ಪಾಲಿಸುವ ನಿಯಮ.

ತಡವಾದರೆ ನಿಮಗೂ ಹಕ್ಕಿದೆ. ತಲುಪುವ ಊರಿಗೆ 20 ನಿಮಿಷಕ್ಕಿಂತ ತಡವಾಗುತ್ತದೆ ಅಂತ ಗೊತ್ತಾದರೆ ಒಂದೇ ರೈಲಿಗೆ ಕಟ್ಟಿದ ಟಿಕೆಟ್ಟಿನ ಕಟ್ಟು ಬಿಚ್ಚಿಕೊಳ್ಳುತ್ತದೆ, ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ಕಾಲು ಭಾಗ ದುಡ್ಡು ವಾಪಸ್, ಎರಡು ಗಂಟೆಗೆ ಅರ್ಧ. ಮೊಬೈಲಿನಲ್ಲೇ ಅರ್ಜಿ ಹಾಕಬಹುದು. ಸಂಕೋಚ ಬೇಡ, ಇಲ್ಲಿ ಎಲ್ಲರೂ ಹಾಕುತ್ತಾರೆ.

ಜಾಣರು ಒಂದು ಉಪಾಯ ಮಾಡುತ್ತಾರೆ. ನಡುವಿನ ದೂರಕ್ಕೆ ಮಾತ್ರ ಅಗ್ಗದ ಐಸಿಇ, ಎರಡೂ ತುದಿಗೆ ಡಾಯ್ಚ್‌ಲ್ಯಾಂಡ್ ಟಿಕೆಟ್. ದುಡ್ಡು ಉಳಿಯುವುದು ನಿಜ. ಆದರೆ ಅವು ಎರಡು ಬೇರೆ ಬೇರೆ ಟಿಕೆಟ್. ಪ್ರಾದೇಶಿಕ ರೈಲು ತಡವಾಗಿ ಐಸಿಇ ತಪ್ಪಿದರೆ ಮೇಲಿನ ಹಕ್ಕು ಸಿಗುತ್ತದೆ ಅಂತ ನಂಬಿಕೊಂಡು ಕೂರಬೇಡಿ. ನಡುವೆ ಒಂದು ಗಂಟೆ ಬಿಡುವು ಇಟ್ಟುಕೊಳ್ಳಿ.

ಸೀಟು ಕಾದಿರಿಸುವುದು ಇಲ್ಲಿ ಕಡ್ಡಾಯ ಅಲ್ಲ. ಅದಕ್ಕೆ ಬೇರೆ ಐದು ಯೂರೋ ಚಿಲ್ಲರೆ. ಶನಿವಾರ ಬೆಳಗ್ಗೆ ಅದು ದಂಡ. ಭಾನುವಾರ ಸಂಜೆ ಕಾದಿರಿಸದಿದ್ದರೆ ನಾಲ್ಕು ಗಂಟೆ ಶೌಚಾಲಯದ ಪಕ್ಕ ಬ್ಯಾಗಿನ ಮೇಲೆ ಕೂರಬೇಕಾಗಬಹುದು.

ಬಸ್ಸು: ಎಲ್ಲಿ ಇಳಿಸುತ್ತದೆ ಅಂತ ಕೇಳಿ

2013ರವರೆಗೆ ಜರ್ಮನಿಯೊಳಗೆ ಊರಿಂದೂರಿಗೆ ದೂರದ ಬಸ್ಸುಗಳು ಹೆಚ್ಚುಕಡಿಮೆ ಇರಲೇ ಇಲ್ಲ. ರೈಲಿಗೆ ಪೈಪೋಟಿ ಬರಬಾರದೆಂದು ಹಳೆಯ ಕಾನೂನು ತಡೆದಿತ್ತು. ಆ ವರ್ಷ ತಡೆ ತೆಗೆದರು. ಮ್ಯೂನಿಕ್‌ನಲ್ಲಿ ಹುಟ್ಟಿದ ಫ್ಲಿಕ್ಸ್‌ಬಸ್ ಆಗಲೇ ರಸ್ತೆಗಿಳಿದದ್ದು. ವಿದ್ಯಾರ್ಥಿಗಳ ಜೇಬಿಗೆ ಅದೊಂದು ವರ.

ಬಸ್ಸಿನ ಪರವಾಗಿ ಹೇಳುವುದು ಬಹಳ ಇದೆ. ಎರಡು ದಿನ ಮುಂಚೆ ನೋಡಿದರೂ ರೇಟು ಕೈಗೆಟುಕುತ್ತದೆ. ಕೈಚೀಲದ ಜೊತೆ ಒಂದು ದೊಡ್ಡ ಚೀಲ ಡಿಕ್ಕಿಗೆ ಹಾಕಬಹುದು, ಬೇರೆ ದುಡ್ಡಿಲ್ಲ. ಹತ್ತಿ ಕೂತರೆ ಬದಲಾವಣೆಯ ತಲೆಬಿಸಿ ಇಲ್ಲ. ಮೂರು ನಾಲ್ಕು ಗಂಟೆಯ ದೂರಕ್ಕೆ ನಾನು ಖುಷಿಯಾಗಿ ಹತ್ತುತ್ತೇನೆ.

ಆದರೆ ಟಿಕೆಟ್ಟಿನಲ್ಲಿ ಊರಿನ ಹೆಸರು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ನಿಲ್ದಾಣದ ಹೆಸರು ನೋಡಿ. ಕಲೋನ್‌ನಲ್ಲಿ 2015ರಿಂದ ದೂರದ ಬಸ್ಸುಗಳು ಊರ ನಡುವೆ ಬರುವುದಿಲ್ಲ, ನಿಲ್ಲುವುದು ಏರ್‌ಪೋರ್ಟಿನಲ್ಲಿ. ಸ್ಟುಟ್‌ಗಾರ್ಟ್‌ನ ದೊಡ್ಡ ಬಸ್ ನಿಲ್ದಾಣವೂ ಏರ್‌ಪೋರ್ಟಿನ ಪಕ್ಕದ್ದೇ. ಬರ್ಲಿನ್‌ನ ಬಸ್ ನಿಲ್ದಾಣ ಊರಿನ ಪಶ್ಚಿಮಕ್ಕೆ, ವಸ್ತುಪ್ರದರ್ಶನದ ಮೈದಾನದ ಹತ್ತಿರ. ಗೆಳೆಯರ ರೂಮು ಪೂರ್ವದ ತುದಿಯಲ್ಲಿದ್ದರೆ ಅಲ್ಲಿಂದ ಇನ್ನೂ ಒಂದು ಗಂಟೆ. ಮ್ಯೂನಿಕ್ ಮತ್ತು ಫ್ರಾಂಕ್‌ಫರ್ಟ್‌ನಲ್ಲಿ ಈ ತೊಂದರೆ ಇಲ್ಲ, ರೈಲು ನಿಲ್ದಾಣದಿಂದ ನಡೆಯುವಷ್ಟೇ ದೂರ.

ಶುಕ್ರವಾರ ಮಧ್ಯಾಹ್ನ ಆಟೋಬಾನ್ (ಹೆದ್ದಾರಿ) ಜಾಮ್ ಆಗುತ್ತದೆ. ಭಾನುವಾರ ಇಡೀ ದಿನ, ರಾತ್ರಿ ಹತ್ತರವರೆಗೆ, 7.5 ಟನ್ನಿಗಿಂತ ದೊಡ್ಡ ಲಾರಿಗಳು ಓಡುವ ಹಾಗಿಲ್ಲ. ಹಾಗಾಗಿ ಭಾನುವಾರ ಬೆಳಗಿನ ಬಸ್ಸು ಸಾಮಾನ್ಯವಾಗಿ ಹೇಳಿದ ಹೊತ್ತಿಗೆ ಬರುತ್ತದೆ.

ರಾತ್ರಿ ಬಸ್ಸಿನ ಬಗ್ಗೆ ನನ್ನ ಅಭಿಪ್ರಾಯ ಮೇಲೆ ಹೇಳಿದ ಕಥೆಯಲ್ಲೇ ಇದೆ. ಕೂತಲ್ಲೇ ಗೊರಕೆ ಹೊಡೆಯುವ ಪುಣ್ಯವಂತರಿಗೆ ಅದು ಹಗಲನ್ನು ಉಳಿಸಿಕೊಡುತ್ತದೆ. ಉಳಿದವರಿಗೆ ಶನಿವಾರವನ್ನೇ ನುಂಗುತ್ತದೆ.

ಇನ್ನೊಬ್ಬರ ಕಾರಿನಲ್ಲಿ

ಒಂದೇ ಕಡೆ ಹೋಗುವವರು ಕಾರಿನ ಸೀಟು ಹಂಚಿಕೊಳ್ಳುವುದು ಇಲ್ಲಿ ಹಳೆಯ ರೂಢಿ. ಈಗ ಹೆಚ್ಚಿನವರು ಅದಕ್ಕೆ ಬ್ಲಾಬ್ಲಾಕಾರ್ ಎಂಬ ಆ್ಯಪ್ ನೋಡುತ್ತಾರೆ. ಪೆಟ್ರೋಲ್ ಖರ್ಚಿನ ಪಾಲು ಕೊಡುವುದು, ಅಷ್ಟೆ. ರೈಲು ನೇರ ಇಲ್ಲದ ಊರುಗಳಿಗೆ ಇದು ಹೇಳಿ ಮಾಡಿಸಿದ್ದು. ಜರ್ಮನ್ ಮಾತಾಡಿ ಅಭ್ಯಾಸ ಆಗಬೇಕೆಂದರೆ ಇದಕ್ಕಿಂತ ಒಳ್ಳೆಯ ಕ್ಲಾಸಿಲ್ಲ. ಮೂರು ಗಂಟೆ ತಪ್ಪಿಸಿಕೊಳ್ಳುವ ಹಾಗೇ ಇಲ್ಲ!

ಕಷ್ಟ ಏನೆಂದರೆ, ಓಡಿಸುವವರಿಗೆ ಜ್ವರ ಬಂದರೆ ನಿಮ್ಮ ಪ್ರಯಾಣವೂ ಮಲಗಿತು. ಹಾಗಾಗಿ ಹೋಗುವಾಗ ಮಾತ್ರ ಬಳಸಿ. ಹೊಸಬರಾದರೆ ಹೆಚ್ಚು ಜನ ಒಳ್ಳೆಯದು ಬರೆದಿರುವವರನ್ನೇ ಆರಿಸಿ, ಕಾರಿನ ನಂಬರನ್ನು ಗೆಳೆಯರಿಗೆ ಕಳಿಸಿ. ಎಲ್ಲಿ ಇಳಿಸುತ್ತಾರೆ ಅಂತಲೂ ಕೇಳಿ. ಆಟೋಬಾನ್ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಇಳಿಸಿ ಟಾಟಾ ಮಾಡಿದವರೂ ಇದ್ದಾರೆ.

ಗೆಳೆಯರು ಬೇರೆ ದೇಶದಲ್ಲಿದ್ದರೆ

ಇಲ್ಲಿ ಮೊದಲು ಕಾಗದಪತ್ರ, ಆಮೇಲೆ ಟಿಕೆಟ್.

ನಿಮ್ಮ ಬಳಿ ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಮತ್ತು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಎರಡೂ ಇದ್ದರೆ ಬೇರೆ ಷೆಂಗೆನ್ ದೇಶಗಳಿಗೆ (ಒಂದೇ ವೀಸಾ ವ್ಯವಸ್ಥೆ ಹಂಚಿಕೊಂಡ ಯೂರೋಪಿನ ದೇಶಗಳು) ಬೇರೆ ವೀಸಾ ಬೇಡ. ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಹೋಗಿಬರಬಹುದು. ಷೆಂಗೆನ್ ಮತ್ತು ಯೂರೋಪಿಯನ್ ಯೂನಿಯನ್ ಒಂದೇ ಅಲ್ಲ. ಸ್ವಿಟ್ಜರ್ಲೆಂಡ್ ಯೂನಿಯನ್‌ನಲ್ಲಿಲ್ಲ, ಷೆಂಗೆನ್‌ನಲ್ಲಿದೆ. ಐರ್ಲೆಂಡ್ ಯೂನಿಯನ್‌ನಲ್ಲಿದೆ, ಷೆಂಗೆನ್‌ನಲ್ಲಿಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ. ಡಬ್ಲಿನ್‌ನಲ್ಲೋ ಲಂಡನ್‌ನಲ್ಲೋ ಇರುವ ಗೆಳೆಯರನ್ನು ನೋಡಲು ಭಾರತದ ಪಾಸ್‌ಪೋರ್ಟಿನವರಿಗೆ ಬೇರೆ ವೀಸಾ ಬೇಕೇ ಬೇಕು. ಅದು ಒಂದು ವಾರಾಂತ್ಯದ ಯೋಚನೆಯಲ್ಲ, ತಿಂಗಳುಗಳ ತಯಾರಿ. ರುಮೇನಿಯಾ ಮತ್ತು ಬಲ್ಗೇರಿಯಾ 2025ರ ಜನವರಿಯಿಂದ ಷೆಂಗೆನ್ ಒಳಗೆ ಪೂರ್ತಿ ಸೇರಿವೆ.

ಪರ್ಮಿಟ್ ನವೀಕರಣಕ್ಕೆ ಕೊಟ್ಟು, ಕೈಯಲ್ಲಿ ಫಿಕ್ಷನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಕಾಗದ ಮಾತ್ರ ಇರುವವರು ಜಾಗ್ರತೆ. ಅದರಲ್ಲಿ ಮೂರು ಬಗೆ ಇದೆ. ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ಅನ್ನುವುದರ ಮೇಲೆ ಹೊರಗೆ ಹೋಗಿ ವಾಪಸ್ ಬರಬಹುದೋ ಇಲ್ಲವೋ ನಿಂತಿದೆ. ಕೊಟ್ಟ ಕಚೇರಿಯನ್ನೇ ಇಮೇಲ್ ಮಾಡಿ ಕೇಳಿ, ಉತ್ತರ ಬರುವವರೆಗೆ ದೇಶದೊಳಗಿನ ಗೆಳೆಯರನ್ನೇ ನೋಡಿಕೊಂಡು ಬನ್ನಿ.

ಗಡಿಯಲ್ಲಿ ಯಾರೂ ಕೇಳುವುದಿಲ್ಲ ಅನ್ನುವ ಹಳೆಯ ಮಾತು ಈಗ ಹಳೆಯದೇ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ನೆಲದ ಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಪೊಲೀಸರು ಬಸ್ಸಿಗೂ ಹತ್ತುತ್ತಾರೆ, ರೈಲಿಗೂ ಹತ್ತುತ್ತಾರೆ. ಮೊಬೈಲಿನಲ್ಲಿರುವ ಪಾಸ್‌ಪೋರ್ಟ್ ಫೋಟೋ ನಡೆಯುವುದಿಲ್ಲ. ಅಸಲಿ ಪಾಸ್‌ಪೋರ್ಟ್, ಅಸಲಿ ಪರ್ಮಿಟ್ ಕಾರ್ಡ್, ಎರಡೂ ಜೇಬಿನಲ್ಲಿರಬೇಕು. ಒಮ್ಮೆ ನಮ್ಮ ಬಸ್ಸಿನಿಂದ ಒಬ್ಬ ಹುಡುಗನನ್ನು ಇಳಿಸಿ ವಿಚಾರಿಸಿದರು. ಅವನ ಕಾರ್ಡು ರೂಮಿನಲ್ಲಿತ್ತು. ಮುಕ್ಕಾಲು ಗಂಟೆ ಅವನಿಗಷ್ಟೇ ಅಲ್ಲ, ನಮಗೆಲ್ಲ ಹೋಯಿತು.

ವಿಮಾನ ಯಾವಾಗ? ಬಾರ್ಸಿಲೋನಾ, ಲಿಸ್ಬನ್, ರೋಮ್ ಅಂಥ ದೂರಕ್ಕೆ ಅದೇ ಸರಿ. ಆದರೆ ಅಗ್ಗದ ವಿಮಾನ ಇಳಿಯುವ ಊರಿನ ಹೆಸರನ್ನು ನಂಬಬೇಡಿ. ಪ್ಯಾರಿಸ್ ಹೆಸರಿನ ಬೋವೆ ಏರ್‌ಪೋರ್ಟು ಪ್ಯಾರಿಸ್‌ನಿಂದ ಸುಮಾರು 80 ಕಿಲೋಮೀಟರ್. ಜಿರೋನಾ ಬಾರ್ಸಿಲೋನಾದಿಂದ 90ರ ಹತ್ತಿರ. ನಮ್ಮ ಕಡೆಯದೂ ಹಾಗೇ. ಫ್ರಾಂಕ್‌ಫರ್ಟ್-ಹಾನ್ ಇರುವುದು ಫ್ರಾಂಕ್‌ಫರ್ಟ್‌ನಿಂದ 120 ಕಿಲೋಮೀಟರ್ ದೂರದಲ್ಲಿ. ಮೆಮಿಂಗನ್ ಮ್ಯೂನಿಕ್‌ನಿಂದ 110. ಬೆಳಗ್ಗೆ ಆರರ ವಿಮಾನಕ್ಕೆ ಹಾನ್ ತಲುಪುವುದು ಹೇಗೆ ಅಂತ ಮೊದಲು ನೋಡಿ, ಆಮೇಲೆ 15 ಯೂರೋ ಟಿಕೆಟ್ ಕಂಡು ಕುಣಿಯಿರಿ. ಬ್ಯಾಗಿಗೆ ಬೇರೆ ದುಡ್ಡು. ಯೂರೋಪಿನ ಪಾಸ್‌ಪೋರ್ಟ್ ಇಲ್ಲದವರು ಒಳಗೆ ಹೋಗುವ ಮುಂಚೆ ಕೌಂಟರಿನಲ್ಲಿ ಕಾಗದ ತೋರಿಸಿ ಬರಬೇಕು ಅನ್ನುವ ಕಂಪನಿಗಳೂ ಇವೆ. ಆ ಸಾಲಿಗೂ ಹೊತ್ತು ಇಟ್ಟುಕೊಳ್ಳಿ.

ವಿಮಾನದ ಪರವಾಗಿ ಒಂದು ಮಾತು. ಕಂಪನಿಯ ತಪ್ಪಿನಿಂದ ಮೂರು ಗಂಟೆ ತಡವಾಗಿ ಮುಟ್ಟಿಸಿದರೆ ಯೂರೋಪಿನ ಕಾನೂನಿನಂತೆ 1500 ಕಿಲೋಮೀಟರ್‌ವರೆಗಿನ ದೂರಕ್ಕೆ 250 ಯೂರೋ ಪರಿಹಾರ. ಟಿಕೆಟ್ ಹತ್ತು ಯೂರೋದ್ದಾದರೂ ಅಷ್ಟೇ. ಹವಾಮಾನ ಕಾರಣವಾದರೆ ಸಿಗುವುದಿಲ್ಲ.

ವಿಮಾನಕ್ಕೂ ಹಗಲಿನ ರೈಲಿಗೂ ನಡುವೆ ರಾತ್ರಿ ರೈಲಿದೆ. ಡಾಯ್ಚ ಬಾನ್ 2016ರಲ್ಲಿ ಮಲಗುವ ರೈಲುಗಳನ್ನು ಕೈಬಿಟ್ಟಾಗ ಆಸ್ಟ್ರಿಯಾದ ರೈಲ್ವೆ ಅವನ್ನು ಎತ್ತಿಕೊಂಡು ನೈಟ್‌ಜೆಟ್ ಮಾಡಿತು. ಮ್ಯೂನಿಕ್‌ನಿಂದ ರೋಮ್‌ಗೆ, ಹ್ಯಾಂಬರ್ಗ್‌ನಿಂದ ವಿಯೆನ್ನಾಕ್ಕೆ ಮಲಗಿಕೊಂಡೇ ಹೋಗಬಹುದು. ಬರೀ ಸೀಟಿನ ಟಿಕೆಟ್ ಕೊಂಡರೆ ಅದು ಹಳಿಯ ಮೇಲಿನ ರಾತ್ರಿ ಬಸ್ಸು. ಮಲಗುವ ಬರ್ತ್‌ಗೆ ಜಾಸ್ತಿ ಕೊಟ್ಟರೆ ಮಾತ್ರ ಅರ್ಥ. ದಾರಿಯ ಬಹುಪಾಲು ನಿದ್ದೆಯಲ್ಲೇ ಕಳೆಯುವುದರಿಂದ ನಿಮ್ಮ 34 ಗಂಟೆಯಲ್ಲಿ ಹೋಗುವುದು ಕಡಿಮೆ, ಬೇಗ ಕಾದಿರಿಸಿದರೆ ನನ್ನ ಮೆಚ್ಚಿನದೂ ಹೌದು. ತಮಾಷೆ ಕೇಳಿ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋದಾಗ ರಾತ್ರಿ ರೈಲುಗಳು ಯಾವುದಾದರೂ ನಿಲ್ದಾಣದಲ್ಲಿ ಒಂದು ಗಂಟೆ ಸುಮ್ನೆ ನಿಂತುಬಿಡುತ್ತವೆ, ಇಲ್ಲದಿದ್ದರೆ ಹೊತ್ತಿಗೆ ಮುಂಚೆ ಮುಟ್ಟಿಬಿಡುತ್ತವಲ್ಲ. ಮಾರ್ಚಿನ ಕೊನೆಯ ಭಾನುವಾರ ಉಲ್ಟಾ. ಅವತ್ತು ಬೆಳಗ್ಗೆ ರೈಲು ಹಿಡಿಯುವವರಿಗೆ ನಿದ್ದೆಯಲ್ಲಿ ಒಂದು ಗಂಟೆ ಖೋತಾ.

ಗಡಿ ದಾಟಿದ ಮೇಲೆ ಫೋನು? ಯೂರೋಪಿಯನ್ ಯೂನಿಯನ್ ಒಳಗೆ 2017ರ ಜೂನ್‌ನಿಂದ ರೋಮಿಂಗಿಗೆ ಬೇರೆ ದುಡ್ಡಿಲ್ಲ. ಸ್ವಿಟ್ಜರ್ಲೆಂಡ್ ಆ ನಿಯಮಕ್ಕೆ ಸೇರಿಲ್ಲ. ಬಾಸೆಲ್‌ನಲ್ಲಿ ಇಳಿಯುವ ಮುಂಚೆ ಡೇಟಾ ಆಫ್ ಮಾಡಿ.

ಹೋಗುವುದೇ ಬೇರೆ, ಬರುವುದೇ ಬೇರೆ

ಹೆಚ್ಚಿನವರು ಹೋಗಿಬರುವ ಎರಡೂ ಟಿಕೆಟ್ಟನ್ನು ಒಂದೇ ಬಗೆಯದು ಕೊಳ್ಳುತ್ತಾರೆ. ನನ್ನ ತಕರಾರು ಇಲ್ಲೇ. ಎರಡು ಪ್ರಯಾಣದ ಗುಣವೇ ಬೇರೆ.

ಹೋಗುವಾಗ ಎರಡು ಗಂಟೆ ತಡವಾದರೆ ಏನಾಗುತ್ತದೆ? ಗೆಳೆಯ ಬೈಯುತ್ತಾನೆ, ಊಟ ಆರುತ್ತದೆ. ಅಷ್ಟೆ. ಬರುವಾಗ ಎರಡು ಗಂಟೆ ತಡವಾದರೆ ನಡುರಾತ್ರಿ ನಡುದಾರಿಯ ಊರಿನಲ್ಲಿ ಕೊನೆಯ ರೈಲು ತಪ್ಪುತ್ತದೆ. ಸೋಮವಾರ ಬೆಳಗ್ಗೆ ಎಂಟಕ್ಕೆ ಲ್ಯಾಬ್ ಇರುತ್ತದೆ, ಹಾಜರಿ ಕಡ್ಡಾಯ. ನನಗೆ ಹೀಗಾದಾಗ ನಿಲ್ದಾಣದಲ್ಲೇ ಬೆಳಗು ಮಾಡಿ, ಅದೇ ಬಟ್ಟೆಯಲ್ಲಿ ಲ್ಯಾಬಿಗೆ ಹೋಗಿದ್ದೆ. ಅವತ್ತಿನ ರೀಡಿಂಗುಗಳನ್ನು ಮತ್ತೆ ತೆಗೆಯಬೇಕಾಯಿತು.

ಆದ್ದರಿಂದ ಹೋಗುವಾಗ ಅಗ್ಗದ್ದು ಹುಡುಕಿ. ಬಸ್ಸು, ಯಾರದೋ ಕಾರು, ರದ್ದಾಗದ ಟಿಕೆಟ್, ಏನಾದರೂ ಆಗಲಿ. ಉಳಿಸಿದ ದುಡ್ಡನ್ನು ಬರುವ ಪ್ರಯಾಣಕ್ಕೆ ಹಾಕಿ. ನೇರ ರೈಲು, ಕಾದಿರಿಸಿದ ಸೀಟು. ಎಲ್ಲಕ್ಕಿಂತ ಮುಖ್ಯ, ಆ ದಿನದ ಕೊನೆಯ ರೈಲಲ್ಲ. ಅದು ಕೈಕೊಟ್ಟರೆ ಹಿಂದೆ ಇನ್ನೊಂದಾದರೂ ಇರಬೇಕು. ಸೋಮವಾರ ಕ್ಲಾಸು ಮಧ್ಯಾಹ್ನ ಇದ್ದವರು ಭಾನುವಾರ ರಾತ್ರಿಯೂ ಅಲ್ಲೇ ಉಳಿದು ಸೋಮವಾರ ಬೆಳಗ್ಗೆ ಹೊರಡಲಿ. ಇನ್ನೊಂದು ಸಂಜೆ ಸಿಕ್ಕಿತು, ಭಾನುವಾರದ ನೂಕುನುಗ್ಗಲೂ ತಪ್ಪಿತು.

ಅವರ ರೂಮೋ, ಹಾಸ್ಟೆಲ್ಲೋ?

ಗೆಳೆಯರ ರೂಮೇ. ಇದರಲ್ಲಿ ಯೋಚಿಸುವುದು ಕಡಿಮೆ. ಹಂಚಿಕೊಂಡ ಮನೆಯಾದರೆ ಉಳಿದವರನ್ನು ಕೇಳಿದ್ದಾರೆಯೇ ಅಂತ ಒಮ್ಮೆ ವಿಚಾರಿಸಿ. ವಿದ್ಯಾರ್ಥಿ ನಿಲಯವಾದರೆ ಅತಿಥಿಗಳ ನಿಯಮ ಕೇಳಿ. ರಾತ್ರಿ ಹತ್ತರ ಮೇಲೆ ಗಲಾಟೆ ಕೂಡದು, ಭಾನುವಾರ ಇಡೀ ದಿನವೂ ಕೂಡದು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದ ಒಳಗಿನವು ಬಿಟ್ಟು. ಅಡುಗೆ ಮಾಡುವುದಿದ್ದರೆ ಶನಿವಾರವೇ ಸಾಮಾನು ತಂದಿಡಿ. ಅತಿಥಿ ನೀವು, ಬಿಲ್ ನೀವೇ ಕೊಡಿ.

ಹಾಸ್ಟೆಲ್ ಒಳ್ಳೆಯದಾಗುವುದು ಎರಡೇ ಸಂದರ್ಭದಲ್ಲಿ. ನೀವು ಮೂವರು ನಾಲ್ವರು ಒಟ್ಟಿಗೆ ಹೋದಾಗ, ಇಲ್ಲವೇ ಗೆಳೆಯರಿಗೆ ಪರೀಕ್ಷೆ ಹತ್ತಿರ ಇದ್ದಾಗ. ಅಲ್ಲಿಗೂ ಪಾಸ್‌ಪೋರ್ಟ್ ಒಯ್ಯಿರಿ. ಜರ್ಮನ್ ನಾಗರಿಕರಿಗೆ 2025ರಿಂದ ಹೋಟೆಲಿನ ನೋಂದಣಿ ಫಾರಂ ಇಲ್ಲ, ಹೊರದೇಶದವರಿಗೆ ಇನ್ನೂ ಇದೆ.

ಯಾರೂ ಯೋಚಿಸದ ಇನ್ನೊಂದು ದಾರಿ

ಒಬ್ಬರು ಹ್ಯಾಂಬರ್ಗ್, ಇನ್ನೊಬ್ಬರು ಮ್ಯೂನಿಕ್. ಐಸಿಇ ಆದರೂ ಆರು ಗಂಟೆ ಹತ್ತಿರ. ಯಾರು ಯಾರ ಊರಿಗೆ ಹೋಗುವುದು ಅಂತ ಪ್ರತಿ ಸಲ ಜಗಳ. ಆಗ ನಡುವಿನ ಊರಿನಲ್ಲಿ ಸೇರಿ. ಕಾಸೆಲ್ ನೋಡಿ. ಹ್ಯಾಂಬರ್ಗ್‌ನಿಂದ ಎರಡೂಕಾಲು ಗಂಟೆ, ಮ್ಯೂನಿಕ್‌ನಿಂದ ಮೂರೂವರೆ ಒಳಗೆ. ಇಬ್ಬರ ಟಿಕೆಟ್ಟೂ ಸಣ್ಣದು, ಇಬ್ಬರ ಖರ್ಚೂ ಹೆಚ್ಚುಕಡಿಮೆ ಸಮ. ರಾತ್ರಿ ಹಾಸ್ಟೆಲಿನ ಖರ್ಚು ಬರುತ್ತದೆ ನಿಜ. ಒಂದೇ ದಿನಕ್ಕೂ ಆಗುತ್ತದೆ, ಬೆಳಗ್ಗೆ ಬಂದು ಸಂಜೆ ವಾಪಸ್.

ಬೇಸಿಗೆಯಾದರೆ ಭಾನುವಾರವೇ ಹೋಗಿ. ಕಾಸೆಲ್-ವಿಲ್‌ಹೆಲ್ಮ್ಸ್‌ಹೋಯ ನಿಲ್ದಾಣದ ಎದುರೇ 1ನೇ ನಂಬರ್ ಟ್ರಾಮ್ ಸಿಗುತ್ತದೆ, ಕೊನೆಯ ನಿಲ್ದಾಣ ಬೆಟ್ಟದ ಪಾರ್ಕು. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಮೇ 1ರಿಂದ ಅಕ್ಟೋಬರ್ 3ರವರೆಗೆ ಬುಧವಾರ ಮತ್ತು ಭಾನುವಾರ ಮಧ್ಯಾಹ್ನ ಎರಡೂವರೆಗೆ ಬೆಟ್ಟದ ತುದಿಯ ಹರ್ಕ್ಯುಲಿಸ್ ಪ್ರತಿಮೆಯ ಕೆಳಗಿನಿಂದ ನೀರು ಬಿಡುತ್ತಾರೆ. ಪಂಪಿಲ್ಲ, ಬರೀ ಇಳಿಜಾರು. ನೀರಿನ ಜೊತೆಗೇ ಮೆಟ್ಟಿಲಿಳಿಯುತ್ತಾ ಮಾತಾಡಿಕೊಂಡು ಬರಬಹುದು. ಕೆಳಗಿನ ಕೊಳದಲ್ಲಿ ಕಾರಂಜಿ ಐವತ್ತು ಮೀಟರ್ ಎತ್ತರಕ್ಕೆ ಚಿಮ್ಮುವ ಹೊತ್ತಿಗೆ ನಾಲ್ಕಾಗುತ್ತಾ ಬಂದಿರುತ್ತದೆ. ಟ್ರಾಮ್ ಹಿಡಿದು ನಿಲ್ದಾಣಕ್ಕೆ ಬಂದು, ಒಂದು ಕಾಫಿ ಕುಡಿದು, ಒಬ್ಬರು ಉತ್ತರದ ರೈಲಿಗೆ, ಒಬ್ಬರು ದಕ್ಷಿಣದ ರೈಲಿಗೆ. ಎರಡರಲ್ಲಿ ಯಾವುದು ತಡವಾಗುತ್ತದೆ ಅಂತ ನಾವು ಕಾಫಿಗೆ ಬಾಜಿ ಕಟ್ಟುತ್ತಿದ್ದೆವು.